ಇಷ್ಟೇ ಗಾಯ

ಇಷ್ಟೇಯಾ? ಇದಕ್ಕಾ ಇಷ್ಟು ಗೌಜಿ! ಸ್ವಲ್ಪ ಮಗ್ಗುಲಾಗು ಪ್ರೇಮಾ, ಬೆನ್ನು ಒರೆಸುವಾ... ಎರಡೇ ಎರಡು ಗಾಯ, ಕಿರುಬೆರಳಿನ ಉಗುರಿನಷ್ಟೂ ಇಲ್ಲ. ನಾನು ಎಂತ ಗ್ರಹಿಸಿದ್ದು ಗೊತ್ತುಂಟಾ? ಕುತ್ತಿಗೆಯಿಂದ ಸೊಂಟದವರೆಗೆ ಕೊಯ್ದಿರ್ತಾರೆ, ಹಲಸಿನಹಣ್ಣು ಸೀಳಿದ ಹಾಗೆ! ಎಂತಕ್ಕೆ ನಗಾಡುದು? ನಗಾಡಬೇಡ, ಸೊಂಟದ ಬೆಲ್ಟ್ ಜಾರ್ತದೆ.

ಸಣ್ಣ ನಳಿಗೆ ಹಾಕಿ, ಟೀವಿಯಲ್ಲಿ ನೋಡಿಕೊಂಡು, ಬೆನ್ನುಮೂಳೆಯ ಡಿಸ್ಕಿನ ಕೀವು ತೆಗೆದದ್ದಂತೆ. ಮಂಗಳೂರಿನ ಡಾಕ್ಟ್ರು ಮರುದಿನವೇ ನಿನ್ನನ್ನು ಎಬ್ಬಿಸಿ ನಡೆಸಿದ್ದಂತೆ. ನಿನ್ನ ಜಯಪಾಲ ಕುಂಬ್ಡಾಜೆ ಊರಿಡೀ ಹೇಳಿ ಆಯ್ತು. ಗಂಡ ಅಂದ್ರೆ ಹಾಗಿರಬೇಕು ಮಾರಾಯ್ತಿ! ಮೊನ್ನೆ ನಿನ್ನ ತಲೆ ಬಾಚ್ತಾ ಇದ್ದ, ಕಿಟಕಿಯಿಂದ ಕಂಡಿತು. ನೋಡ್ಲಿಕ್ಕೆ ಬಂದದ್ದಲ್ಲ ನಾನು... ಬಟ್ಟೆ ಒಣಗಿಸ್ಲಿಕ್ಕೆ ಬಂದದ್ದು.

ಅವನದ್ದು ಬಿಡು. ನಮ್ಮವರು! ನಿನ್ನ ಭಾವ! ಮುಳ್ಳೇರಿಯದಿಂದ ಮುಸುಂಬಿ ತಂದ್ರಲ್ಲಾ, ಚೀಲ ನನ್ನ ಕೈಗೆ ಕೊಟ್ಟು, "ಪ್ರೇಮನಿಗೆ ಜ್ಯೂಸ್ ಮಾಡು, ಸಕ್ಕರೆ ಕಮ್ಮಿ ಹಾಕು" ಹೇಳಿದ್ರು. ನನಗೆ ಸಕ್ಕರೆ ಎಷ್ಟು ಬೇಕು, ಅದು ಗೊತ್ತುಂಟಾ ಅವರಿಗೆ? ಹೊಟ್ಟೆ ಉರೀತದೆ. ಹೌದು, ಉರೀತದೆ, ನಿನ್ನೆದುರೇ ಹೇಳ್ತೇನೆ! ಇಬ್ಬರೂ ಒಂದೇ ಮನೆಯ ಸೊಸೆಯಂದಿರು. ಈ ಜಲಜಾಕ್ಷಿಗೆ ಮೈ ಬಿಸಿಯಾದ್ರೆ ಒಂದು ಮಾತ್ರೆ, ನಿನಗಾದ್ರೆ ಕಾರು!

ಅಳ್ತೀಯಾ? ಅಳಬೇಡ, ನಿನ್ನದೆಂತ ತಪ್ಪು... ಎಲ್ಲಾ ಆ ದನದಿಂದ ಆದದ್ದು. ತಿಂಗಳು ತುಂಬುವ ಮೊದಲೇ ಕಂದು ಹಾಕಿತಲ್ಲಾ, ಆ ಸತ್ತ ಕರುವನ್ನು ಬರಿಗೈಯಲ್ಲಿ ಎಳೆದು ತೆಗೆದಾಗ ಕ್ರಿಮಿ ಹತ್ತಿದ್ದಂತೆ. ಕೀವು ಪರೀಕ್ಷೆ ಮಾಡಿದಾಗ ಗೊತ್ತಾದದ್ದು. ಆಸ್ಪತ್ರೆಯಲ್ಲಿ ನೀನು ಒಳಗೆ ಮಲಗಿದ್ದೆ, ಡಾಕ್ಟ್ರು ಹೊರಗೆ ಬಂದು ಕೇಳಿದ್ರು, "ಮನೆಯಲ್ಲಿ ಮತ್ತೆ ಯಾರು ಕೈ ಹಾಕಿದ್ದು?" ನಾನೇ ಹೇಳಿದೆ, ಯಾರೂ ಇಲ್ಲ, ಇವಳೊಬ್ಬಳೇ...

ಎಂತ ಹಾಗೆ ನೋಡುದು?

ಸರಿ, ಕರುವಿನ ಕಾಲು ನೀನು ಹಿಡಿದದ್ದು, ನಾನು ತಲೆ ಹಿಡಿದದ್ದು. ಅದಕ್ಕೆ ಈಗ ಎಂತ? ಹಿಡಿದವರಿಗೆಲ್ಲ ಬರ್ಬೇಕು ಅಂತ ಉಂಟಾ? ಮಾತಾಡು ಮಾರಾಯ್ತಿ... ಹಣೆ ಎಂತಕ್ಕೆ ಮುಟ್ಟಿ ನೋಡುದು? ಒಲೆ ಬುಡದಲ್ಲಿದ್ದೆ, ಬೆವರಿದ್ದು. ನೀರು ತಣ್ಣಗಾಯ್ತು, ಬೇರೆ ತರ್ತೇನೆ... ಏಳ್ತೇನೆ, ಏಳ್ತೇನೆ, ಕಾಲು ಜೋಮು ಹಿಡಿದದ್ದು ಅಷ್ಟೆ. ಬಗ್ಗಿದವಳು ಒಮ್ಮೆಲೇ ಏಳ್ಲಿಕ್ಕೆ ಆಗ್ತದಾ?

ನನ್ನ ಬೆನ್ನಿಂದ ಕೈ ತೆಗಿ ಪ್ರೇಮಾ. ಅಲ್ಲಿ ಒತ್ತಬೇಡ. ಅಲ್ಲಿ ಬೇಡ ಹೇಳಿದೆ... ಅಮ್ಮಾ!

...

ಕರೀಬೇಡ. ಜಯಪಾಲನನ್ನು ಕರೀಬೇಡ! ಪ್ರೇಮನಿಗೆ ಆರೈಕೆ ಮಾಡುದು ನೋಡಿ ಇವಳಿಗೂ ಶುರುವಾಯ್ತು ಹೇಳ್ತಾರೆ... ನಾನಾದ್ರೂ ಹಾಗೇ ಹೇಳ್ತಿದ್ದೆ.

ಕರೆಯುದೇ ಆದ್ರೆ ನಮ್ಮವರನ್ನು ಕರಿ. ನೀನೇ ಹೇಳು ಅವರಿಗೆ. ನೀನು ಹೇಳಿದ್ರೆ ಕೇಳ್ತಾರೆ.