ಬಸ್ಸಿನಲ್ಲಿ ಬಿಟ್ಟ ಕೈಗವಸು

ನಾರ್ವೆಯಲ್ಲಿ ಬೆಟ್ಟಗಳ ನಡುವೆ ಚಾಚಿದ ಆ ಕಡಲಕವಲಿನಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ಹಿಮನದಿ ನೋಡಿ ಬಸ್ಸಲ್ಲಿ ಬಂದ ಪ್ರವಾಸಿಗರನ್ನು ದೋಣಿಯಲ್ಲಿ ಹಡಗಿಗೆ ಮುಟ್ಟಿಸುವುದು ಎಲಿಂಗನ ಕೆಲಸ. ಅವತ್ತು ಸಾಲಿನ ಮುಂದೆ, ಅವನ ಮೊಣಕೈ ಪಕ್ಕದಲ್ಲೇ ಇಬ್ಬರು ಮುದುಕಿಯರು ನಿಂತಿದ್ದರು. ಒಬ್ಬಳ ಎಡಗೈ ಬರಿದಾಗಿತ್ತು.

“ಗುಡ್ರುನ್, ಇನ್ನೊಂದು ಕೈಗವಸು ಎಲ್ಲೇ?”

“ಬಸ್ಸಲ್ಲಿ, ಸೀಟಿನ ಮೇಲೆ.”

“ಅಯ್ಯೋ, ಈ ಚಳೀಲಿ! ತಾಳು, ತರ್ತೀನಿ.”

“ಬೇಡ ಟೋರಾ. ಬೇಕಂತಲೇ ಬಿಟ್ಟು ಬಂದೆ.”

“ತಲೆಗಿಲೆ ಕೆಟ್ಟಿದೆಯಾ ನಿಂಗೆ?”

“ನಮಗೆ ಹಿಮನದಿ ತೋರಿಸಿದ ಗೈಡು ನಮ್ಮಣ್ಣನ ಮಗ ಕಣೇ.”

“ಬೆಳಗ್ಗೆಯಿಂದ ಅವನ ಹಿಂದೆ ಸುತ್ತಿ ಈಗ ಹೇಳ್ತೀಯಲ್ಲೇ!”

“ಅಣ್ಣನ ಜೊತೆ ಜಗಳ ಆಡಿ ಮನೆ ಬಿಟ್ಟಾಗ ಇವನಿನ್ನೂ ತೊಟ್ಟಿಲಲ್ಲಿದ್ದ. ಆಮೇಲೆ ಈ ಕಡೆ ತಲೆ ಹಾಕಿಲ್ಲ.”

“ಮಂಜುಗಡ್ಡೆ ಹತ್ರ ಕೈ ಹಿಡಿದು ದಾಟಿಸಿದನಲ್ಲ, ಆಗಾದ್ರೂ ಹೇಳಬಾರದಿತ್ತಾ?”

“‘ಹುಷಾರು ಅಜ್ಜಿ, ಜಾರುತ್ತೆ’ ಅಂದ. ನಾನು ಹುಷಾರಾಗಿ ಕಾಲಿಟ್ಟೆ.”

“ಕೈಗವಸು ನೋಡಿದ್ರೆ ಅವನಿಗೇನು ಗೊತ್ತಾಗುತ್ತೆ?”

“ನಮ್ಮ ಕಣಿವೇಲಿ ಒಂದೊಂದು ಮನೆಗೆ ಒಂದೊಂದು ಹೆಣಿಗೆ. ಈ ಕೆಂಪು ನಕ್ಷತ್ರ ನಮ್ಮಮ್ಮಂದು. ಅವನ ಟೋಪಿ ಮೇಲೂ ಇದೇ ಇದೆ, ಅದನ್ನ ನೋಡೇ ನಾನು ಗುರುತು ಹಿಡಿದದ್ದು.”

“ಅವನು ಗಮನಿಸದಿದ್ರೆ?”

“ಒಂದು ಕೈಗೆ ಚಳಿ, ಅಷ್ಟೇ.”

ಇಬ್ಬರೂ ದೋಣಿ ಹತ್ತಿದರು. ಗುಡ್ರುನ್ ಬರಿಗೈಯನ್ನು ಜೇಬಿಗೆ ಹಾಕದೆ ದೋಣಿಯ ಅಂಚಿನ ಮೇಲಿಟ್ಟು ದಡದ ಕಡೆಗೇ ಮುಖ ಮಾಡಿ ಕೂತಳು. ಹೊರಡುವ ಹೊತ್ತಾಗಿತ್ತು. ಎಲಿಂಗ್ ದೂರದ ಬಸ್ಸನ್ನೊಮ್ಮೆ ನೋಡಿದ; ಗೈಡು ಇನ್ನೂ ಅದರೊಳಗೇ ಇದ್ದ. “ಗಂಟು ಯಾಕೋ ಬಿಗಿಯಾಗಿದೆ” ಎಂದು ಎಲ್ಲರಿಗೂ ಕೇಳುವಂತೆ ಗೊಣಗಿ, ಸಡಿಲವಾಗಿದ್ದ ಹಗ್ಗವನ್ನು ನಿಧಾನಕ್ಕೆ ಬಿಚ್ಚತೊಡಗಿದ.