ಅತ್ತೆಯ ಕೋಟು

ಹಳೆ ಬಟ್ಟೆ ವಿಂಗಡಿಸುವ ಶೆಡ್ಡಿನ ತಗಡಿನ ಮೇಲೆ ಮಳೆ ಧೋ ಎಂದು ಸುರಿಯುತ್ತಿತ್ತು. ಕೆಲಸ ಮುಗಿದರೂ ಹೊರಡುವಂತಿರಲಿಲ್ಲ. ಹೆಂಗಸರೆಲ್ಲ ಮೂಟೆಗಳ ಮೇಲೆ ಕೂತಿದ್ದರು. ಅವರಲ್ಲೇ ಹಳಬಳಾದ ದೊಡ್ಡಮ್ಮ ಬೆವರಿನ ಕಲೆಯ ಅಂಗಿಯೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಮೂಗು ಮುರಿದಳು.

"ದಾನವಂತೆ, ದಾನ! ನೆಲ ಒರೆಸೋಕೂ ಲಾಯಕ್ಕಿಲ್ಲ ಇದು... ಆ ಮಹಾತಾಯಿ ಕತೆ ನಿಮಗೆ ಹೇಳಿದೀನಾ? ಇಲ್ವಾ? ಕೇಳಿ ಹಾಗಾದ್ರೆ.

ಡಾಕ್ಟರ ಹೆಂಡತಿ ಅವಳು. ಕಾರಲ್ಲಿ ಮೂಟೆ ತಂದು, ಅದರ ಪಕ್ಕ ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳೋಳು. ಒಳಗೇನು? ಎಲಾಸ್ಟಿಕ್ ಸತ್ತ ಚಡ್ಡಿ, ಗುಂಡಿ ಕಿತ್ತಿಟ್ಟುಕೊಂಡ ಅಂಗಿ, ಒಂಟಿ ಕಾಲುಚೀಲ... ಬಡವರಿಗೆಲ್ಲ ಒಂದೇ ಕಾಲು ಅಂದ್ಕೊಂಡಿದ್ಲೋ ಏನೋ!

ಅವಳ ಅತ್ತೆ ಆಸ್ಪತ್ರೆ ಸೇರಿದಳು. ಮುದುಕಿ ಇನ್ನು ವಾಪಸ್ ಬರಲ್ಲ ಅಂತ ಇವಳೇ ತೀರ್ಮಾನ ಮಾಡಿ, ಬೀರು ಖಾಲಿ ಮಾಡಿ ಇಲ್ಲಿ ತಂದು ಸುರಿದಳು. ಅದರಲ್ಲೊಂದು ಕಂದು ಉಣ್ಣೆ ಕೋಟು. ಕಾಲರ್ ಹರಿದ ಕಡೆ ಮುದುಕಿ ಕೆಂಪು ದಾರದಲ್ಲಿ ಹೊಲಿದುಕೊಂಡಿದ್ದಳು. ತೀರಾ ಸವೆದಿತ್ತಲ್ಲ, ಚಿಂದಿ ಮಾಡೋ ಮಷೀನಿಗೆ ಹೋಯ್ತು.

ಮುದುಕಿ ಸಾಯ್ಲಿಲ್ಲ ಕಣ್ರೇ! ನಡುಗ್ತಾ ಮನೆಗೆ ಬಂದಳು. 'ಚಳಿ ಆಗ್ತಿದೆ, ನನ್ನ ಕೋಟು ಎಲ್ಲಿಟ್ಟೆಯಮ್ಮಾ?'

'ಬಡವರಿಗೆ ಕೊಟ್ಟೆ ಅತ್ತೆ. ಪುಣ್ಯ ನಿಮಗೇ ಬರುತ್ತೆ ಬಿಡಿ.'

ಪುಣ್ಯ ಹೊದ್ದುಕೊಂಡ್ರೆ ಚಳಿ ಹೋಗುತ್ತಾ? ಮಗನೋ, ಪೇಪರಿನಿಂದ ತಲೆ ಎತ್ತಲಿಲ್ಲ. ಕೋಟು ಎಲ್ಲಿ, ಕೋಟು ಎಲ್ಲಿ ಅಂತ ಕೇಳ್ತಾ ಕೇಳ್ತಾ ಮುದುಕಿ ಚಳಿಗಾಲದಲ್ಲೇ ಹೋಗಿಬಿಟ್ಟಳು. ಸೊಸೆ ತಡ ಮಾಡಲಿಲ್ಲ, ಆ ಕೋಣೆಗೆ ಹೊಸ ಹಾಸಿಗೆ ತರಿಸಿದಳು.

ಬೇಸಿಗೆಯ ಒಂದು ಮಧ್ಯಾಹ್ನ ಊಟ ಮಾಡಿ ಅದರ ಮೇಲೆ ಮೈ ಚೆಲ್ಲಿದ್ದಾಳೆ... ಹೊರಗೆ ಸುಡು ಬಿಸಿಲು, ಬೆನ್ನಿಗೆ ಮಾತ್ರ ಮಂಜುಗಡ್ಡೆ ಇಟ್ಟ ಹಾಗೆ! ಆಮೇಲೆ ಕಿವಿ ಕೆಳಗೇ, ಹಾಸಿಗೆಯ ಒಳಗಿಂದ... 'ಕೋಟು ಎಲ್ಲಿಟ್ಟೆಯಮ್ಮಾ?'

ಕತ್ತರಿ ತಂದು ಸೀಳಿದಳು. ಹಾಸಿಗೆಗೆ ತುಂಬೋದು ನಮ್ಮ ಮಷೀನಿನ ಚಿಂದಿ ತಾನೇ? ಅದರ ನಡುವೆ ಕಂದು ಉಣ್ಣೆ, ಅದರಲ್ಲಿ ಕೆಂಪು ಹೊಲಿಗೆ... ಮುಟ್ಟಿದ್ರೆ ಹೆಣದಷ್ಟು ತಣ್ಣಗೆ.

ಬೇರೆಯವರಾಗಿದ್ರೆ ಗೊಳೋ ಅಂತ ಅತ್ತು ತಪ್ಪಾಯ್ತು ಅನ್ನೋರು. ಇವಳು? ಸೀಳಿದ ಹಾಸಿಗೆ ಸುತ್ತಿಸಿ, ಇಲ್ಲಿಗೇ ದಾನ ತಂದಳು! ಫೋಟೋನೂ ತೆಗೆಸಿಕೊಂಡಳು!

ಹಾಸಿಗೆ ಹೋಯ್ತು, ಚಳಿ ಅವಳ ಮೈಯಲ್ಲೇ ಉಳೀತು. ಸ್ವೆಟರಿನ ಮೇಲೆ ಸ್ವೆಟರ್ ಹಾಕಿದ್ರೂ ನಡುಗ್ತಾಳೆ. ಗಂಡನ ಔಷಧಿಗೂ ಜಗ್ಗಲಿಲ್ಲ. ಈಗ ನಮ್ಮ ಹತ್ರಾನೇ ಬಂದು ಬೇಡ್ತಾಳೆ... ನಾತ ಹೊಡೆಯೋ ಹರಕು ಕೊಟ್ಟರೂ ಕಣ್ಣಿಗೆ ಒತ್ತಿಕೊಂಡು ಸುತ್ಕೋತಾಳೆ. ನಂಗೇನೂ ಅಯ್ಯೋ ಅನ್ಸಲ್ಲಮ್ಮ."

ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಯಾರೂ ಕೂತಲ್ಲಿಂದ ಏಳಲಿಲ್ಲ.

"ಮಳೆ ಹಿಡಿದ್ರೆ ಬಂದೇ ಬರ್ತಾಳೆ," ಎಂದಳು ದೊಡ್ಡಮ್ಮ, ಆ ಅಂಗಿಯನ್ನು ಪಕ್ಕದವಳ ಮಡಿಲಿಗೆ ಎಸೆದು. "ಹೋಗೇ, ಇದನ್ನೇ ಕೊಟ್ಟು ಕಳಿಸು. ಆದ್ರೆ ಅವಳ ಹಿಂದೆ ನಿಂತಿರ್ತಾಳಲ್ಲ ಮುದುಕಿ... ನಿಮಗೇನು ಬೇಕು ಅಂತ ಅವಳನ್ನ ಮಾತ್ರ ಕೇಳಬೇಡ."