ಖಾಲಿ ಫ್ಲಾಸ್ಕಿನ ಹಳದಿ

ಹಲೋ, ಯಾರು ಮಾತಾಡ್ತಿರೋದು?... ನೀನಾ ತಮ್ಮಾ? ಇದ್ಯಾರ ಫೋನಿಂದ?...

ಹಾಂ, ವಾಚ್‌ಮನ್‌ದಾ. ಅಂದ್ರೆ ಫ್ಯಾಕ್ಟರಿ ಗೇಟ್ ಹತ್ರಾನೇ ಇದ್ದೀಯ. ನಿನ್ನ ನಂಬರ್ ಕಂಡ್ರೆ ಅಕ್ಕ ಎತ್ತಲ್ಲ ಅಂತ ಗೊತ್ತಿತ್ತು, ಅಲ್ವಾ?...

ಹೌದು, ನಿನ್ನ ನಿಂಬೆಹುಲ್ಲಿನ ಎಣ್ಣೆ ವಾಪಸ್ ಕಳಿಸಿ ಅಂತ ಲ್ಯಾಬಿಂದ ಹೇಳಿದ್ದು ನಾನೇ. ತಮ್ಮನ ಮಾಲು ಅಂತ ಕಣ್ಣು ಮುಚ್ಕೊಂಡು ಸಹಿ ಹಾಕ್ಬೇಕಿತ್ತಾ?...

ಕಮ್ಮಿ ಬಂದಿದ್ರೆ ಹುಲ್ಲು ಬಲಿತಿಲ್ಲ ಅಂದ್ಕೋತಿದ್ದೆ. ಜಾಸ್ತಿ ಬಂದಿದೆ ಕಣೋ! ಕಾರ್ಬೊನಿಲ್ ಗುಂಪು, ಯಾವ ಹುಲ್ಲೂ ಕೊಡದಷ್ಟು...

ಅಯ್ಯೋ, ಜನರ ಗುಂಪಲ್ಲ! ಎಣ್ಣೆಗೆ ಆ ನಿಂಬೆ ವಾಸನೆ ಕೊಡುತ್ತಲ್ಲ, ಅದರ ಅಣುವಿನಲ್ಲಿರೋ ಒಂದು ತುಂಡು. ಅದಿದ್ರೆ ನಮ್ಮ ಹಸಿರು ದ್ರಾವಣದಲ್ಲಿ ಆಮ್ಲ ಹುಟ್ಟಿ ಹಳದಿ ಆಗುತ್ತೆ. ಆ ಹಳದಿ ಹೋಗೋವರೆಗೂ ಬ್ಯುರೆಟ್ ಅನ್ನೋ ಅಳತೆ ಕೊಳವೆಯಿಂದ ಕ್ಷಾರ ತೊಟ್ಟಿಕ್ಕಿಸಿ ಅಳೀತೀವಿ. ನಿನ್ನದು ಬ್ಯುರೆಟ್ಟನ್ನೇ ಕುಡಿದುಬಿಡ್ತು. ಏನು ಬೆರೆಸಿದೆ, ಬಾಯಿಬಿಡು...

ಆಣೆ ಗೀಣೆ ಬೇಡ...

ಈ ಮಾಲು ವಾಪಸ್ ಹೋದ್ರೆ ನಿನ್ನ ಎಣ್ಣೆ ಭಟ್ಟಿ ಮುಚ್ಬೇಕು ಅಂತ ಗೊತ್ತಿದ್ದೂ ಬೆರೆಸಿದ್ಯಲ್ಲೋ! ನನಗೇನು ಖುಷಿನಾ? ನಿನ್ನೆಯಿಂದ ಊಟ ಸೇರಿಲ್ಲ...

ಏನು? ನನ್ನ ಕೈ ತಪ್ಪಾ? ಇನ್ನೊಂದ್ಸಲ ಹೇಳು?... ಸರಿ, ಹಾಗೇ ಇರು. ಎಣ್ಣೆ ಹಾಕ್ದೆ ಖಾಲಿ ಪರೀಕ್ಷೆ ಈಗಲೇ ಮಾಡ್ತೀನಿ. ಫೋನ್ ಮೇಜಿನ ಮೇಲೇ ಇರುತ್ತೆ, ಕೇಳಿಸ್ಕೋ. ನಿನ್ನ ಎಣ್ಣೆ ಪರೀಕ್ಷೆಗೆ ತೊಳೆದ ಹಾಗೇ ಫ್ಲಾಸ್ಕ್ ತೊಳೆದೆ. ಬೇಗ ಒಣಗಲಿ ಅಂತ ಅಸಿಟೋನ್ ಹಾಕಿ ಗಲಬರಿಸಿದೆ, ಚೆಲ್ಲಿದೆ. ಇಗೋ ದ್ರಾವಣ. ಇದು ಹಸಿರಾಗೇ ಉಳಿಯುತ್ತೆ, ಆಮೇಲಾದ್ರೂ ಒಪ್ಕೋ...

...

ಇರು. ಇರೋ ಒಂಚೂರು...

ಹಳದಿ ಆಯ್ತು. ಎಣ್ಣೆ ಒಂದು ತೊಟ್ಟೂ ಹಾಕಿಲ್ಲ, ಹಳದಿ ಆಯ್ತು! ಅಸಿಟೋನು! ಅದರಲ್ಲೂ ಇರೋದು ಅದೇ ಗುಂಪು, ತಳದಲ್ಲಿ ಉಳಿದುಬಿಟ್ಟಿತ್ತು. ಒಣಗಿಸದೇ ಅವಸರ ಮಾಡಿದೆ. ನಿನ್ನ ಮೇಲೆ ಎಂಥ ಮಾತಾಡ್ಬಿಟ್ಟೆ, ನಾಚಿಕೆ ಆಗುತ್ತೆ ಕಣೋ. ನಿನ್ನ ಎಣ್ಣೆ ಚೆನ್ನಾಗಿರಬೇಕು, ಮತ್ತೆ ಅಳೀತೀನಿ. ಕೇಳಿಸ್ತಾ? ತಮ್ಮಾ?...

ಯಾರು?... ವಾಚ್‌ಮನ್ನಾ? ಅವನೆಲ್ಲಿ?...

ಫೋನ್ ಯಾವಾಗ ಕೊಟ್ಟ ನಿಮಗೆ? ನಾನು ಫ್ಲಾಸ್ಕ್ ತೊಳೀತಿದ್ದಾಗಲೇನಾ?... ಏನಂದ? "ನಮ್ಮಕ್ಕಂಗೇ ನಂಬಿಕೆ ಇಲ್ಲ, ಇನ್ಯಾರಿಗೆ ಮಾರ್ಲಿ" ಅಂದ್ನಾ?...

ಎಣ್ಣೆ ಡ್ರಮ್ ಉರುಳಿಸ್ಕೊಂಡು ಎಲ್ಲಿಗೆ? ಚರಂಡಿಗಾ? ಅಯ್ಯೋ, ಮುಚ್ಚಳ ತೆಗೆಯೋಕೆ ಬಿಡಬೇಡ್ರಿ! ಓಡಿ, ಕೈ ಹಿಡ್ಕೊಳ್ಳಿ, ತಪ್ಪು ನಿಮ್ಮಕ್ಕಂದೇ ಅಂತ ಹೇಳಿ, ಜೋರಾಗಿ ಕೂಗಿ, ನಿಮ್ಮಕ್ಕ... ಹಲೋ? ಹಲೋ...